ಕೋಡಿಗೆ ಮರಳು ಚೀಲ ಜೋಡಿಸಿ ಒಂದು ಅಡಿ ನೀರು ಹೆಚ್ಚು ನಿಲ್ಲಿಸಬಹುದೇ?

ಪ್ರಶ್ನೆ: ಅಚ್ಚುಕಟ್ಟಿನ ರೈತ, ಹಳೇಬೀಡು ಹೋಬಳಿ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ಕಟ್ಟಿದ ಸಣ್ಣ ಜಲಾಶಯವೊಂದಿದೆ. ಏರಿಯ ಎತ್ತರ ಸುಮಾರು 28 ಅಡಿ, ಕೋಡಿಯ ಅಗಲ 60 ಅಡಿ, ತುಂಬಿದಾಗ ನೀರು ಹರಡುವ ಜಾಗ 60 ಎಕರೆ, ಅಚ್ಚುಕಟ್ಟು 150 ಎಕರೆ. ಈ ವರ್ಷ ಹುಬ್ಬೆ ಮಳೆಗೇ ಕೆರೆ ಕೋಡಿ ಬಿದ್ದಿದೆ. ಕಣ್ಣೆದುರೇ ನೀರು ಹರಿದುಹೋಗುವುದನ್ನು ನೋಡಲಾರದೆ, ಕೋಡಿಯ ಮೇಲೆ ಒಂದು ಅಡಿ ಎತ್ತರಕ್ಕೆ ಮರಳು ಚೀಲ ಜೋಡಿಸಬೇಕೆಂದು ಊರಿನ ಹಲವರು ಹಟ ಹಿಡಿದಿದ್ದಾರೆ. ಏರಿಗೆ ಕೋಡಿಯ ಮಟ್ಟಕ್ಕಿಂತ ಇನ್ನೂ 6 ಅಡಿ ಎತ್ತರ ಉಳಿದಿರುವಾಗ ಭಯವೇಕೆ ಎಂಬುದು ಅವರ ವಾದ. ಇದಲ್ಲದೆ ತೂಬಿನ ಬಲಕ್ಕೆ, ಏರಿಯ ಹೊರಮೈ ಬುಡದಲ್ಲಿ, ಚಾಪೆಯಗಲದ ಜಾಗ ಸದಾ ಒದ್ದೆಯಾಗಿಯೇ ಇದೆ. ತಿಳಿದವರು ದಯವಿಟ್ಟು ಅಭಿಪ್ರಾಯ ಹೇಳಬೇಕು.

ಉತ್ತರ 1: ನಿವೃತ್ತ ಎಂಜಿನಿಯರ್, ಹಾಸನ

ಚೀಲ ಇಡಬೇಡಿ. ಕಾರಣವನ್ನು ಲೆಕ್ಕದಲ್ಲಿಯೇ ಹೇಳುತ್ತೇನೆ, ಏಕೆಂದರೆ ಸಭೆಯಲ್ಲಿ ನಿಮಗೆ ಬೇಕಾಗುವುದು ಅದೇ.

ಆ 6 ಅಡಿ ಖಾಲಿ ಬಿಟ್ಟ ಜಾಗವಲ್ಲ. ಅದರಲ್ಲಿ ಕೆಳಗಿನ 3 ಅಡಿ ಪ್ರವಾಹದ ಹೊತ್ತಿನಲ್ಲಿ ಕೋಡಿಯ ಮೇಲೆ ನೀರು ಏರಿ ಹರಿಯುವುದಕ್ಕೆ, ಮೇಲಿನ 3 ಅಡಿ ಅಲೆಗೆ ಮತ್ತು ಏರಿ ಕುಸಿದು ತಗ್ಗುವುದಕ್ಕೆ ಎಂದು ಇಟ್ಟುಕೊಳ್ಳಿ. ಕೋಡಿಯ ಮೇಲೆ 3 ಅಡಿ ನೀರಿದ್ದರೆ 60 ಅಡಿ ಅಗಲದಲ್ಲಿ ಸುಮಾರು 900 ಕ್ಯೂಸೆಕ್ ಹೊರಗೆ ಹೋಗುತ್ತದೆ. ಒಂದು ಅಡಿ ಚೀಲ ಇಟ್ಟ ಮೇಲೆ, ಜಲಾಶಯದ ನೀರು ಅದೇ ಮಟ್ಟಕ್ಕೆ ಬಂದರೂ ಚೀಲದ ಮೇಲೆ ಹರಿಯುವುದು 2 ಅಡಿ ಮಾತ್ರ; ಆಗ ಹೊರಹೋಗುವುದು ಸುಮಾರು 500 ಕ್ಯೂಸೆಕ್. ಎತ್ತರ ಮೂರರಲ್ಲಿ ಒಂದು ಪಾಲು ಕಡಿಮೆಯಾದರೆ ಹರಿವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂಬುದನ್ನು ನಮ್ಮ ಜನ ಊಹಿಸುವುದಿಲ್ಲ. ಹೊರಹೋಗಲಾಗದೆ ಉಳಿದ ನೀರು ಏರಿಯನ್ನು ಹುಡುಕಿಕೊಂಡು ಬರುತ್ತದೆ, ಮತ್ತು ಮಣ್ಣಿನ ಏರಿಯ ನೆತ್ತಿಯ ಮೇಲೆ ನೀರು ಹರಿಯತೊಡಗಿದರೆ ಅದನ್ನು ಉಳಿಸುವುದು ಬಹಳ ಕಷ್ಟ.

ಇನ್ನು ಲಾಭದ ಮಾತು. 60 ಎಕರೆಯ ಮೇಲೆ ಒಂದು ಅಡಿ ಎಂದರೆ ಸುಮಾರು 26 ಲಕ್ಷ ಘನ ಅಡಿ ನೀರು. ಒಂದು ಎಕರೆ ಭತ್ತದ ಬೆಳೆಗೆ 4 ಅಡಿ ನೀರು ಎಂದು ಹಿಡಿದರೂ, ಕಾಲುವೆಯಲ್ಲಿ ಇಂಗುವುದನ್ನು ಲೆಕ್ಕಿಸದೆಯೇ, 15 ಎಕರೆಗೆ ಮೇಲೆ ಏಳುವುದಿಲ್ಲ. ಇಷ್ಟೇ ನೀರಿನ ಜಾಗವನ್ನು ಹೂಳೆತ್ತಿ ಪಡೆಯಲು ಸುಮಾರು 25,000 ಟ್ರ್ಯಾಕ್ಟರ್ ಲೋಡ್ ಮಣ್ಣು ಸಾಗಿಸಬೇಕಾಗುತ್ತದೆಂಬುದೂ ನಿಜ. ಚೀಲದ ಆಸೆ ಏಕೆ ಹುಟ್ಟುತ್ತದೆಂದು ನನಗೆ ಅರ್ಥವಾಗುತ್ತದೆ. ಹೂಳೆತ್ತುವುದಾದರೆ ಏರಿಯ ಒಳಬುಡದಿಂದ ದೂರ ಸರಿದು ಅಗೆಯಿರಿ.

150 ಎಕರೆ ಎಂದರೆ ಸುಮಾರು 60 ಹೆಕ್ಟೇರ್. 40ರಿಂದ 2,000 ಹೆಕ್ಟೇರ್ ಅಚ್ಚುಕಟ್ಟಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಯ ವ್ಯಾಪ್ತಿಗೆ ಬರುವುದರಿಂದ ಅರ್ಜಿಯನ್ನು ಅಲ್ಲಿಗೇ ಕೊಡಬೇಕು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಮುಖ್ಯವಾಗಿ 15 ಮೀಟರಿಗಿಂತ ಎತ್ತರದವುಗಳಿಗೆ, ಕೆಲವು ಷರತ್ತುಗಳ ಮೇಲೆ 10 ಮೀಟರಿಗಿಂತ ಎತ್ತರದವುಗಳಿಗೆ ಅನ್ವಯಿಸುತ್ತದೆ. ನಿಮ್ಮ ಏರಿ 9 ಮೀಟರನ್ನೂ ಮುಟ್ಟುವುದಿಲ್ಲ.

ಉತ್ತರ 2: ನೀರು ಬಳಕೆದಾರರ ಸಂಘದ ಸದಸ್ಯೆ, ಸಖರಾಯಪಟ್ಟಣ

ಸರ್ ಹೇಳಿದ್ದನ್ನು ಒಪ್ಪುತ್ತಲೇ ಒಂದು ಮಾತು ಸೇರಿಸುತ್ತೇನೆ. ಹಳೆಯ ಕೆರೆಗಳ ಕೋಡಿಯ ಮೇಲೆ ಸಾಲಾಗಿ ನಿಲ್ಲಿಸಿದ ಕಲ್ಲುಗಂಬಗಳನ್ನು ನೀವು ನೋಡಿರಬಹುದು. ಅವುಗಳ ನಡುವೆ ಹುಲ್ಲುಹೆಂಟೆ, ಜೇಡಿಮಣ್ಣು ತುಂಬಿ ನೀರು ನಿಲ್ಲಿಸುವ ಪದ್ಧತಿ ಹಿಂದೆ ಇತ್ತು. ಆದರೆ ಹೆಂಟೆ ಇಡುತ್ತಿದ್ದುದು ಮಳೆಗಾಲ ಮುಗಿದ ಮೇಲೆ. ನಿಮ್ಮಲ್ಲಿ ಹಸ್ತ, ಚಿತ್ತೆ, ಸ್ವಾತಿ ಇನ್ನೂ ಬಾಕಿ ಇವೆ.

ಕೋಡಿಯಲ್ಲಿ ಹೋದ ನೀರು ಹಾಳಾಯಿತು ಎನ್ನುವುದೂ ತಪ್ಪು. ನಮ್ಮ ಅಯ್ಯನಕೆರೆಯಿಂದ ಹೊರಡುವ ವೇದಾ, ಮದಗದಕೆರೆಯ ಕಡೆಯಿಂದ ಬರುವ ಆವತಿಯನ್ನು ಕೂಡಿ ವೇದಾವತಿಯಾಗಿ ಹಿರಿಯೂರಿನ ವಾಣಿ ವಿಲಾಸ ಸಾಗರವನ್ನು ಸೇರುತ್ತದೆ. ಆ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಮೇಲಿನ ಊರುಗಳೆಲ್ಲ ಒಂದೊಂದು ಅಡಿ ಹಿಡಿದಿಟ್ಟುಕೊಂಡರೆ ಕೆಳಗಿನವರಿಗೆ ಏನು ಉಳಿಯುತ್ತದೆ?

ನನಗೆ ಚೀಲಕ್ಕಿಂತ ಆ ಒದ್ದೆ ಜಾಗದ್ದೇ ಚಿಂತೆ. ನಮ್ಮ ಮಾವನವರು ನೀರುಗಂಟಿಯಾಗಿದ್ದರು. ಅಂಥ ಕಡೆ ಒದ್ದೆಯ ಅಂಚಿಗೆ ನಾಲ್ಕು ಕಡ್ಡಿ ನೆಟ್ಟು, ಮರುದಿನ ಒದ್ದೆ ಕಡ್ಡಿಯನ್ನು ದಾಟಿದೆಯೇ ಎಂದು ನೋಡುತ್ತಿದ್ದರು. ಜಿನುಗುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಕಿಟಕಿಯ ಮೇಲೆ ಇಡುತ್ತಿದ್ದರು. ತಿಳಿನೀರು ಒಂದೇ ಸಮನೆ ಜಿನುಗುತ್ತಿದ್ದರೆ ಗಾಬರಿಯಿಲ್ಲ, ಮಣ್ಣಿನ ಏರಿ ಸ್ವಲ್ಪವಾದರೂ ಬೆವರುತ್ತದೆ. ತಳದಲ್ಲಿ ಮಣ್ಣು ಕೂತರೆ ಏರಿಯ ಒಡಲು ಕರಗಿ ಬರುತ್ತಿದೆ ಎಂದರ್ಥ. ಅಲ್ಲಿ ಏಡಿಯ ಬಿಲವಾಗಲಿ, ಕಡಿದ ಮರದ ಬುಡವಾಗಲಿ ಇದೆಯೇ ನೋಡಿ; ಬೇರು ಕೊಳೆತ ಜಾಗ ನೀರಿಗೆ ಕೊಳವೆಯಾಗುತ್ತದೆ.

ಮರುಪ್ರಶ್ನೆ: ಅಚ್ಚುಕಟ್ಟಿನ ರೈತ

ಅಕ್ಕ ಹೇಳಿದಂತೆಯೇ ಮಾಡಿದೆ. ಎರಡು ದಿನದಲ್ಲಿ ಒದ್ದೆ ಕಡ್ಡಿಯನ್ನು ಗೇಣುದ್ದ ದಾಟಿದೆ, ಲೋಟದ ತಳದಲ್ಲಿ ರಾಗಿ ಹಿಟ್ಟು ಉದುರಿಸಿದಂತೆ ಕೆಂಪು ಮಣ್ಣು ಕೂತಿದೆ. ಮೂರು ವರ್ಷದ ಹಿಂದೆ ಕಡಿದ ಹೊಂಗೆ ಮರದ ಬುಡ ಸರಿಯಾಗಿ ಅದರ ಮೇಲ್ಗಡೆಯೇ ಇದೆ. ಚೀಲದ ಮಾತನ್ನು ಸಭೆಯಲ್ಲಿ ಕೈಬಿಟ್ಟಿದ್ದೇವೆ. ಜಿನುಗುವ ತೂತಿಗೆ ಜೇಡಿಮಣ್ಣು ಮೆತ್ತಿ ಮುಚ್ಚಬಹುದೇ?

ಉತ್ತರ 3: ನಿವೃತ್ತ ಎಂಜಿನಿಯರ್, ಹಾಸನ

ಖಂಡಿತ ಮುಚ್ಚಬೇಡಿ. ಹೊರಗೆ ಮುಚ್ಚಿದರೆ ನೀರು ಒಳಗೇ ಒತ್ತಡ ಕಟ್ಟಿ ಇನ್ನೊಂದು ಕಡೆ ಒಡೆದುಕೊಳ್ಳುತ್ತದೆ. ನೀರನ್ನು ಬರಲು ಬಿಟ್ಟು ಮಣ್ಣನ್ನು ಮಾತ್ರ ತಡೆಯಬೇಕು: ಒದ್ದೆ ಜಾಗದ ಮೇಲೆ ಮೊದಲು ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ ಹರಡಿ. ಕೋಡಿಗೆಂದು ತಂದ ಚೀಲಗಳನ್ನು ಅದರ ಸುತ್ತ ಅರ್ಧಚಂದ್ರಾಕಾರವಾಗಿ ಇಡಿ. ಇವತ್ತೇ ತೂಬು ಎತ್ತಿ ನೀರು ಇಳಿಸಲು ಶುರುಮಾಡಿ, ಆದರೆ ದಿನಕ್ಕೆ ಒಂದು ಅಡಿಯೊಳಗೆ ಮಾತ್ರ. ಒಮ್ಮೆಲೇ ಇಳಿಸಿದರೆ ನೆನೆದ ಒಳಮೈ ಜಾರುತ್ತದೆ. ಅರ್ಜಿ ಬರೆದು ಕಾಯಬೇಡಿ, ಇಲಾಖೆಯ ಎಂಜಿನಿಯರಿಗೆ ಮತ್ತು ತಹಶೀಲ್ದಾರರಿಗೆ ಈಗಲೇ ಫೋನ್ ಮಾಡಿ. ರಾತ್ರಿ ಇಬ್ಬರು ಟಾರ್ಚ್ ಹಿಡಿದು ಏರಿಯ ಬುಡದಲ್ಲಿಯೇ ಇರಲಿ, ಹಳ್ಳದ ಪಕ್ಕದ ಮನೆಗಳವರಿಗೂ ವಿಷಯ ತಿಳಿಸಿ. ನಾಳೆ ಬೆಳಿಗ್ಗೆ ಲೋಟದಲ್ಲಿ ಏನು ಕಂಡಿತೆಂದು ಇಲ್ಲಿ ಬರೆಯಿರಿ.