ಚಾಮುಂಡೇಶ್ವರಿ, ವರುಣಾ, ಬಾದಾಮಿ: ಸಿದ್ದರಾಮಯ್ಯನವರ ಚುನಾವಣಾ ಪಟ್ಟಿ ತಪ್ಪಿಲ್ಲದೆ ಮಾಡುವುದು ಹೇಗೆ?

ವರುಣಾ ನಾಲೆ (ಪ್ರಶ್ನೆ):
ಮೈಸೂರಿನ ಒಂದು ವಾಚನಾಲಯದ ಗೋಡೆಗೆ ಸಿದ್ದರಾಮಯ್ಯನವರ ವಿಧಾನಸಭಾ ಚುನಾವಣೆಗಳ ಪಟ್ಟಿ ಬೇಕು. ವರ್ಷ, ಕ್ಷೇತ್ರ, ಪಕ್ಷ, ಎದುರಾಳಿ, ಅಂತರ ಇಷ್ಟು ಕಾಲಂ. ಮೂರು ಕಡೆ ಸಿಕ್ಕಿಕೊಂಡಿದೆ. ಒಟ್ಟು ಸ್ಪರ್ಧೆ ಒಂದು ಸಲ 10 ಬರುತ್ತೆ, ಇನ್ನೊಂದು ಸಲ 12. 1983ರ ಪಕ್ಷ ಕೆಲವರು ಲೋಕದಳ ಅಂತಾರೆ, ಕೆಲವರು ಪಕ್ಷೇತರ ಅಂತಾರೆ. ಕೊನೆಯದಾಗಿ, ಚಾಮುಂಡೇಶ್ವರಿಯ 2004 ಮತ್ತು 2018ರ ಮತಗಳನ್ನು ಪಕ್ಕಪಕ್ಕ ಇಟ್ಟು ಏರಿಳಿತ ತೋರಿಸಬಹುದೇ?

ಮತಪೆಟ್ಟಿಗೆ:
12 ಸರಿ. 10 ಬರೋದಕ್ಕೆ ಕಾರಣ ಎರಡು. ಸಾರ್ವತ್ರಿಕ ಚುನಾವಣೆಯ ವರದಿಗಳನ್ನಷ್ಟೇ ನೋಡಿದರೆ 2006ರ ಉಪಚುನಾವಣೆ ಬಿಟ್ಟುಹೋಗುತ್ತೆ. 2018ಕ್ಕೆ ಒಂದೇ ಸಾಲು ಹಾಕಿದರೆ ಇನ್ನೊಂದು ಹೋಗುತ್ತೆ.

ಸಾಲುಗಳು ಹೀಗೆ ಬರಲಿ. 1983, 1985 ಚಾಮುಂಡೇಶ್ವರಿಯಲ್ಲಿ ಗೆಲುವು. 1989ರಲ್ಲಿ ಅಲ್ಲೇ ಕಾಂಗ್ರೆಸ್ಸಿನ ಎಂ. ರಾಜಶೇಖರಮೂರ್ತಿ ಎದುರು ಸೋಲು. 1994ರಲ್ಲಿ ಜನತಾದಳದಿಂದ ಗೆಲುವು, 1999ರಲ್ಲಿ ಜೆಡಿಎಸ್‌ನಿಂದ ನಿಂತು ಕಾಂಗ್ರೆಸ್ಸಿನ ಎ.ಎಸ್. ಗುರುಸ್ವಾಮಿ ಎದುರು ಸೋಲು, 2004ರಲ್ಲಿ ಜೆಡಿಎಸ್‌ನಿಂದಲೇ ಗೆಲುವು. 2006ರಲ್ಲಿ ಕಾಂಗ್ರೆಸ್ ಸೇರಿ, ಸ್ಥಾನಕ್ಕೆ ರಾಜೀನಾಮೆ ಕೊಟ್ಟು, ಡಿಸೆಂಬರ್ ಉಪಚುನಾವಣೆಯಲ್ಲಿ ಜೆಡಿಎಸ್‌ನ ಶಿವಬಸಪ್ಪ ಅವರ ಎದುರು ಗೆದ್ದಿದ್ದು ಬರೀ 257 ಮತಗಳಿಂದ. ಇಬ್ಬರಿಗೂ ಲಕ್ಷ ದಾಟಿದ ಮತ ಬಿದ್ದ ಚುನಾವಣೆ ಅದು. ಇಡೀ ಪಟ್ಟಿಯಲ್ಲಿ ಇಷ್ಟು ತೂಕದ ಸಾಲು ಇನ್ನೊಂದಿಲ್ಲ, ದಯವಿಟ್ಟು ಬಿಡಬೇಡಿ.

ಆಮೇಲೆ ವರುಣಾ: 2008ರಲ್ಲಿ 18,837, 2013ರಲ್ಲಿ 29,641 ಅಂತರ. 2018ರಲ್ಲಿ ಚಾಮುಂಡೇಶ್ವರಿಯಲ್ಲಿ ಜಿ.ಟಿ. ದೇವೇಗೌಡರ ಎದುರು 36,042 ಮತಗಳ ಸೋಲು, ಬಾದಾಮಿಯಲ್ಲಿ ಶ್ರೀರಾಮುಲು ಎದುರು 1,696 ಮತಗಳ ಗೆಲುವು. 2023ರಲ್ಲಿ ಮತ್ತೆ ವರುಣಾ, ವಿ. ಸೋಮಣ್ಣ ಎದುರು 46,163. ಒಟ್ಟು 9 ಗೆಲುವು, 3 ಸೋಲು. ಮೂರೂ ಸೋಲು ಚಾಮುಂಡೇಶ್ವರಿಯಲ್ಲೇ. ಇದು ಕಣ್ಣಿಗೆ ಬೀಳಬೇಕಾದರೆ ಪಟ್ಟಿಯನ್ನು ವರ್ಷವಾರು ಒಂದು ಸಲ, ಕ್ಷೇತ್ರವಾರು ಇನ್ನೊಂದು ಸಲ ಹಾಕಬೇಕು.

1983ಕ್ಕೆ ಕಾಲಂನ ಹೆಸರನ್ನೇ ‘ಪಕ್ಷ, ಚುನಾವಣಾ ಆಯೋಗದ ವರದಿಯಂತೆ’ ಅಂತ ಬದಲಾಯಿಸಿ. ಆ ವರ್ಷದ ವರದಿಯಲ್ಲಿ ಏನಿದೆಯೋ ಅದನ್ನೇ ಇಳಿಸಿ, ಲೋಕದಳದ ಮಾತನ್ನು ಷರಾದಲ್ಲಿ ಬರೆಯಿರಿ. ಎರಡನ್ನೂ ಒಂದೇ ಕಾಲಂನಲ್ಲಿ ತುರುಕಬೇಡಿ.

ಕೆ.ಆರ್. ಪೇಟೆ ದಾರಿ:
ಮೂರನೇ ಪ್ರಶ್ನೆಗೆ: ಬೇಡ. 2004ರ ಚಾಮುಂಡೇಶ್ವರಿಯೂ 2018ರ ಚಾಮುಂಡೇಶ್ವರಿಯೂ ಹೆಸರಿಗೆ ಒಂದೇ, ನೆಲ ಬೇರೆ. 2008ರಲ್ಲಿ ಕ್ಷೇತ್ರ ಪುನರ್ವಿಂಗಡಣೆ ಜಾರಿಗೆ ಬಂತು, ವರುಣಾ ಆಗ ಹುಟ್ಟಿತು. ಅವರ ಸ್ವಂತ ಊರು ಸಿದ್ದರಾಮನಹುಂಡಿಯೇ ಈಗ ವರುಣಾದೊಳಗಿದೆ. ಗೋಡೆಪಟ್ಟಿಯಲ್ಲಿ 2006ರ ಕೆಳಗೆ ಒಂದು ದಪ್ಪ ಗೆರೆ ಎಳೆದು ‘ಹಳೆ ಗಡಿ’, ‘ಹೊಸ ಗಡಿ’ ಅಂತ ಬರೆದರೆ ಓದುವವರು ಮೋಸಹೋಗೋದಿಲ್ಲ.

ಹೋಲಿಸಲೇಬೇಕು ಅಂದರೆ ಹೊಸ ಗಡಿಯೊಳಗೇ ಹೋಲಿಸಿ, ನಮೂನೆ 20ರಿಂದ, ಅಂದರೆ ಮತಗಟ್ಟೆವಾರು ಅಂತಿಮ ಫಲಿತಾಂಶದ ಹಾಳೆಯಿಂದ. ಅದರಲ್ಲಿ ಪ್ರತಿ ಮತಗಟ್ಟೆಗೂ ಒಂದು ಸಾಲು, ಪ್ರತಿ ಅಭ್ಯರ್ಥಿಗೂ ಒಂದು ಕಾಲಂ. ಕೊನೆಯ ಹಾಳೆಯ ತಳದಲ್ಲಿ ಯಂತ್ರದ ಮತಗಳ ಮೊತ್ತ, ಅದರ ಕೆಳಗೆ ಅಂಚೆ ಮತ, ಅದಕ್ಕೂ ಕೆಳಗೆ ಒಟ್ಟು. ಸಾಮಾನ್ಯವಾಗಿ ಎಡವೋದು ಇಲ್ಲೇ: ಮತಗಟ್ಟೆಗಳನ್ನು ಕೂಡಿ ನಿಲ್ಲಿಸಿಬಿಡ್ತಾರೆ, ಅಂಚೆ ಮತ ಸೇರೋದಿಲ್ಲ, ಘೋಷಿತ ಅಂತರಕ್ಕೆ ತಾಳೆಯಾಗೋದಿಲ್ಲ. ಸ್ಕ್ಯಾನ್ ಪ್ರತಿಯಾದರೆ 3 ಮತ್ತು 8 ಅದಲುಬದಲಾಗಿರುತ್ತವೆ. ಪ್ರತಿ ಸಾಲನ್ನು ಅಡ್ಡಕ್ಕೆ ಕೂಡಿ ಮೊತ್ತದ ಕಾಲಂ ಜತೆ ನೋಡಿ, ತಪ್ಪು ತಕ್ಷಣ ಸಿಗುತ್ತೆ. ಮತಗಟ್ಟೆ ಸಂಖ್ಯೆಯನ್ನು ನಂಬಿ ಎರಡು ಚುನಾವಣೆ ಜೋಡಿಸಬೇಡಿ. ಮತದಾರರು ಹೆಚ್ಚಾದ ಕಡೆ ಮತಗಟ್ಟೆ ಒಡೆದು ಮುಂದಿನ ಸಂಖ್ಯೆಗಳೆಲ್ಲ ಸರಿದಿರುತ್ತವೆ. ಊರು, ಶಾಲೆಯ ಹೆಸರಿನಿಂದಲೇ ಜೋಡಿಸಿ.

ಶೇಕಡಾವಾರು ಹಾಕ್ತೀರಾದರೆ ನೋಟಾ (ಯಾರಿಗೂ ಮತವಿಲ್ಲ ಎನ್ನುವ ಆಯ್ಕೆ) ಬಂದಿದ್ದು 2013ರ ಕೊನೆಯಲ್ಲಿ, ಆ ವರ್ಷದ ಮೇ ತಿಂಗಳ ಕರ್ನಾಟಕ ಚುನಾವಣೆಯಲ್ಲಿ ಅದು ಇರಲಿಲ್ಲ, 2018ರಲ್ಲಿ ಇತ್ತು ಅನ್ನೋದು ನೆನಪಿರಲಿ. ಛೇದದಲ್ಲಿ ನೋಟಾ ಸೇರಿದೆಯೋ ಇಲ್ಲವೋ ಒಂದು ಸಾಲು ಬರೆಯಿರಿ.

ವರುಣಾ ನಾಲೆ:
ತುಂಬಾ ಉಪಕಾರ. 1991ರ ಕೊಪ್ಪಳ ಲೋಕಸಭಾ ಸೋಲನ್ನು ಹದಿಮೂರನೇ ಸಾಲು ಮಾಡಲೇ? 2018ರಲ್ಲಿ ಎರಡೂ ಕಡೆ ಗೆದ್ದಿದ್ದರೆ ಪಟ್ಟಿ ಹೇಗೆ ಬರೀಬೇಕಿತ್ತು?

ಮತಪೆಟ್ಟಿಗೆ:
ಕೊಪ್ಪಳ ಈ ಪಟ್ಟಿಗೆ ಬೇಡ, ಸದನವೇ ಬೇರೆ. ಕೆಳಗೆ ಪ್ರತ್ಯೇಕವಾಗಿ ಹಾಕಿ. ಪ್ರಜಾಪ್ರಾತಿನಿಧ್ಯ ಕಾಯ್ದೆಯ 33(7)ರಂತೆ ಒಬ್ಬರು ಎರಡು ಕ್ಷೇತ್ರದಲ್ಲಿ ಮಾತ್ರ ನಿಲ್ಲಬಹುದು. ಎರಡೂ ಗೆದ್ದರೆ 14 ದಿನದೊಳಗೆ ಒಂದನ್ನು ಬಿಡಬೇಕು. ಹಾಗಾಗಿದ್ದರೂ ಎರಡು ಸಾಲು ಇರಬೇಕಿತ್ತು, ಬಿಟ್ಟ ಕ್ಷೇತ್ರದ ಮುಂದೆ ‘ತೆರವು’ ಎಂಬ ಷರಾದೊಂದಿಗೆ. ಇನ್ನೊಂದು: 2018ರ ವರುಣಾ ಗೆಲುವು ಮಗ ಯತೀಂದ್ರ ಅವರದು. ಅದನ್ನು ಅಪ್ಪನ ಲೆಕ್ಕಕ್ಕೆ ಸೇರಿಸಿದ ಪಟ್ಟಿಯಿಂದ ನಕಲು ಮಾಡಿಕೊಂಡಿದ್ದರೆ ಈಗಲೇ ತೆಗೆಯಿರಿ.