ಸಹಾಯ ಬೇಕು: ರೂಟರ್ ಮತ್ತು ಕಂಟ್ರೋಲರ್ ಎರಡನ್ನೂ ಹೊಸ ಸಬ್‌ನೆಟ್‌ಗೆ ತರುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನನ್ನ ಇಂಟರ್ನೆಟ್ ಮೋಡೆಮ್ ಒಳಜಾಲಕ್ಕೆ 192.168.0.0/24 ಎಂಬ ಸಬ್‌ನೆಟ್ (ಒಂದೇ ಜಾಲಕ್ಕೆ ಸೇರಿದ ವಿಳಾಸಗಳ ಗುಂಪು) ಬಳಸುತ್ತದೆ, ಅದನ್ನು ಬದಲಿಸಲು ಆಗುವುದಿಲ್ಲ. ಅದರ ಹಿಂದಿರುವ ನನ್ನ ರೂಟರ್‌ನ ಮೂಲ ವಿಳಾಸವೂ 192.168.0.1. ವ್ಯಾನ್ (ರೂಟರ್‌ನ ಮೋಡೆಮ್ ಕಡೆಯ ಜಾಲ) ಮತ್ತು ಲ್ಯಾನ್ (ನನ್ನ ಸಾಧನಗಳ ಕಡೆಯ ಜಾಲ) ಎರಡೂ ಒಂದೇ ಸಬ್‌ನೆಟ್‌ನಲ್ಲಿದ್ದರೆ ಪ್ಯಾಕೆಟ್ ಯಾವ ಕಡೆಗೆ ಹೋಗಬೇಕೆಂದು ರೂಟರ್‌ಗೆ ತಿಳಿಯುವುದಿಲ್ಲ. ಹಾಗಾಗಿ ಲ್ಯಾನ್ ಅನ್ನು 10.20.10.0/24ಕ್ಕೆ ಒಯ್ಯಲೇಬೇಕು.

ರೂಟರ್ ಒಂದೇ ಇದ್ದಾಗ ಈ ಬದಲಾವಣೆ ಸಲೀಸಾಗಿ ಆಗುತ್ತದೆ. 10.20.10.1ರಲ್ಲಿ ರೂಟರ್‌ನ ಸೆಟ್ಟಿಂಗ್ಸ್ ಪುಟ ತೆರೆಯುತ್ತದೆ, ಸಾಧನಗಳಿಗೆ ತಾನಾಗಿ ವಿಳಾಸ ಹಂಚುವ ಡಿಎಚ್‌ಸಿಪಿ ಕೂಡ ಹೊಸ ವಿಳಾಸಗಳನ್ನೇ ಕೊಡುತ್ತದೆ. ತೊಡಕು ಶುರುವಾಗುವುದು ಕಂಟ್ರೋಲರ್‌ಗೆ (ಜಾಲದ ಎಲ್ಲ ಸಾಧನಗಳನ್ನು ಒಂದೆಡೆಯಿಂದ ನಿರ್ವಹಿಸುವ ಸಾಧನ) ರೂಟರ್ ಅನ್ನು ಸೇರಿಸಿದಾಗ. ಕಂಟ್ರೋಲರ್ ತನ್ನಲ್ಲಿರುವ ಹಳೆಯ ಲ್ಯಾನ್ ಸಂರಚನೆಯನ್ನು ರೂಟರ್ ಮೇಲೆ ಹೇರುತ್ತದೆ, ವಿಳಾಸ ಮತ್ತೆ 192.168.0.1 ಆಗುತ್ತದೆ, ಸಂಪರ್ಕ ಕಡಿಯುತ್ತದೆ. ಆಮೇಲೆ ವೈ-ಫೈ ಒದಗಿಸುವ ಆಕ್ಸೆಸ್ ಪಾಯಿಂಟ್‌ಗಳೂ ಒಂದೊಂದಾಗಿ ಆಫ್‌ಲೈನ್ ಎಂದು ತೋರಿಸುತ್ತವೆ. ನಿಜಕ್ಕೂ ಬೇಸರವಾಗಿದೆ.

ಕಂಟ್ರೋಲರ್‌ಗೆ 10.20.10.2 ಎಂಬ ಸ್ಥಿರ ವಿಳಾಸ ಕೊಟ್ಟು ನೋಡಿದೆ. ಲ್ಯಾಪ್‌ಟಾಪ್‌ಗೆ ಕೈಯಾರೆ ಹಳೆಯ ಶ್ರೇಣಿಯ ವಿಳಾಸ ಹಾಕಿ ಒಳಹೊಕ್ಕೆ. ಸಾಧನಗಳಿಗೆ ಕಂಟ್ರೋಲರ್ ಎಲ್ಲಿದೆ ಎಂದು ತಿಳಿಸಲು ಡಿಎಚ್‌ಸಿಪಿ ಆಯ್ಕೆ 138ರಲ್ಲಿ ಹೊಸ ವಿಳಾಸ ತುಂಬಿದೆ. ಎಲ್ಲವನ್ನೂ ಫ್ಯಾಕ್ಟರಿ ರೀಸೆಟ್ ಮಾಡಿ ಮೊದಲಿನಿಂದ ಶುರುಮಾಡಿದೆ. ಫಲಿತಾಂಶ ಮಾತ್ರ ಅದೇ.

ನನಗೆ ಅರ್ಥವಾಗದಿರುವುದು ಕ್ರಮ. ರೂಟರ್ ಸೇರಿಸುವ ಮೊದಲೇ, ಕಂಟ್ರೋಲರ್ ಒಂದನ್ನೇ ಲ್ಯಾಪ್‌ಟಾಪ್‌ಗೆ ಜೋಡಿಸಿ ಅದರಲ್ಲಿರುವ ಲ್ಯಾನ್ ಸಬ್‌ನೆಟ್ ಅನ್ನು 10.20.10.1/24 ಎಂದು ಬದಲಿಸಬೇಕೇ? ಅಥವಾ ಹಳೆಯ ವಿಳಾಸದಲ್ಲೇ ರೂಟರ್ ಸೇರಿಸಿಕೊಂಡು, ಮೋಡೆಮ್ ಕೇಬಲ್ ಕಿತ್ತಿಟ್ಟು, ಆಮೇಲೆ ಕಂಟ್ರೋಲರ್ ಮೂಲಕ ಬದಲಿಸಬೇಕೇ? ಇದನ್ನು ಸ್ವತಃ ಮಾಡಿದವರು ಹಂತಗಳನ್ನು ಅನುಕ್ರಮವಾಗಿ ತಿಳಿಸುವಿರಾ?