ಅಟ್ಟದಲ್ಲಿ ಸಿಕ್ಕ ಕಮೊಡೋರ್ 64: ನೇರ ಪ್ಲಗ್ ಹಾಕಬಹುದೇ?

ಅಟ್ಟದಪೆಟ್ಟಿಗೆ:
1980ರ ದಶಕದ ಮನೆ ಕಂಪ್ಯೂಟರ್ ಕಮೊಡೋರ್ 64, ಅದರದೇ ಹಳೇ ಪವರ್ ಸಪ್ಲೈ, 1541 ಫ್ಲಾಪಿ ಡ್ರೈವ್, ಒಂದಷ್ಟು 5.25 ಇಂಚಿನ ಫ್ಲಾಪಿ, ಎರಡು ಪೆಟ್ಟಿಗೆ ಕಂಪ್ಯೂಟರ್ ಪತ್ರಿಕೆ ಸಿಕ್ಕಿವೆ. ಯಂತ್ರ ನೋಡಲು ಚೆನ್ನಾಗಿದೆ. ಕೆಲವು ಫ್ಲಾಪಿಗಳಲ್ಲಿ ಬಿಳಿ ಚುಕ್ಕೆ, ಪತ್ರಿಕೆಗಳಿಗೆ ಮುಗ್ಗಲು ವಾಸನೆ. ಪ್ಲಗ್ ಹಾಕಿ ನೋಡಲೇ?

ಹಳೆಚಿಪ್:
ಬೇಡ. ಆ ಪವರ್ ಸಪ್ಲೈಯನ್ನು ಯಂತ್ರಕ್ಕೆ ಸಿಕ್ಕಿಸಲೇಬೇಡಿ. ಒಳಗಿನ 5 ವೋಲ್ಟ್ ರೆಗ್ಯುಲೇಟರನ್ನು ಎಪಾಕ್ಸಿ ಸುರಿದು ಮುಚ್ಚಿರುತ್ತಾರೆ, ಶಾಖ ಸರಿಯಾಗಿ ಹೊರಹೋಗದು. ಅದು ಕೆಟ್ಟಾಗ ವೋಲ್ಟೇಜ್ ಬೀಳುವ ಬದಲು ಏರಿಬಿಡಬಹುದು. 5.25 ದಾಟಿತೆಂದರೆ ರ‍್ಯಾಮ್ ಚಿಪ್‌ಗಳಿಗೆ ಅಪಾಯ.

ಲೋಡ್ ಇಲ್ಲದೆ, ಅಂದರೆ ವಿದ್ಯುತ್ ಎಳೆಯುವಂಥದ್ದೇನೂ ಜೋಡಿಸದೆ, ಮಲ್ಟಿಮೀಟರ್ 5.1 ತೋರಿಸಿತೆಂದು ನಂಬಬೇಡಿ. 7 ಪಿನ್ ಡಿನ್ ಪ್ಲಗ್‌ನಲ್ಲಿ 5ನೆಯದು +5 ವೋಲ್ಟ್, 2ನೆಯದು ಗ್ರೌಂಡ್, 6 ಮತ್ತು 7ರ ನಡುವೆ 9 ವೋಲ್ಟ್ ಎಸಿ. ಪಿನ್ ಸಂಖ್ಯೆಗಳು 1, 2, 3 ಎಂದು ಸಾಲಾಗಿ ಬರುವುದಿಲ್ಲ, ಚಿತ್ರ ಮುಂದಿಟ್ಟುಕೊಂಡೇ ಅಳೆಯಿರಿ. 5 ಮತ್ತು 2ರ ನಡುವೆ 5 ಓಮ್, 10 ವಾಟ್ ರೆಸಿಸ್ಟರ್ ಹಾಕಿದರೆ 1 ಆಂಪಿಯರ್ ಹರಿಯುತ್ತದೆ. ರೆಸಿಸ್ಟರ್ ಕೈಸುಡುವಷ್ಟು ಕಾಯುತ್ತದೆ, ಟೈಲ್ಸ್ ಮೇಲಿಡಿ. ಅರ್ಧ ಗಂಟೆ ಮೀಟರ್ ಗಮನಿಸಿ. ಇಷ್ಟಾಗಿಯೂ ನಾಳೆಗೆ ಖಾತ್ರಿಯಿಲ್ಲ, ಹೊಸ ಸಪ್ಲೈ ಕೊಳ್ಳುವುದೇ ಜಾಣತನ.

ಇನ್ನೊಂದು: ಯಂತ್ರ ಚಾಲೂ ಇರುವಾಗ ಡ್ರೈವಿನ ಕೇಬಲ್ಲಾಗಲಿ ಜಾಯ್‌ಸ್ಟಿಕ್ಕಾಗಲಿ ಹಾಕಿ ತೆಗೆಯಬೇಡಿ. ಕೀಲಿಮಣೆ, ಜಾಯ್‌ಸ್ಟಿಕ್, ಡ್ರೈವಿನ ಸಂಪರ್ಕ ನೋಡಿಕೊಳ್ಳುವ 6526 ಚಿಪ್ ಸುಡುವುದು ಹಾಗೆಯೇ.

ಅಟ್ಟದಪೆಟ್ಟಿಗೆ:
ಹೊಸ ಸಪ್ಲೈ ತಂದೆ. ಕೆಂಪು ದೀಪ ಹತ್ತುತ್ತದೆ, ಪರದೆ ಮಾತ್ರ ಕಪ್ಪು. ಕೆಪಾಸಿಟರ್‌ಗಳನ್ನೆಲ್ಲ ಬದಲಿಸಬೇಕೇ?

ಹಳೆಚಿಪ್:
ಬೆಸುಗೆ ಕಬ್ಬಿಣ ಕಾಯಿಸುವ ಮುಂಚೆ ಒಳಗಿನ ಫ್ಯೂಸ್ ನೋಡಿ. ದೀಪಕ್ಕೆ 5 ವೋಲ್ಟ್ ಸಾಕು. ಆದರೆ ಹಳೇ ಉದ್ದ ಬೋರ್ಡ್‌ಗಳಲ್ಲಿ ವಿಡಿಯೋ ಚಿಪ್‌ಗೆ ಬೇಕಾದ ವಿದ್ಯುತ್ತು 9 ವೋಲ್ಟ್ ಎಸಿಯಿಂದ ತಯಾರಾಗುತ್ತದೆ, ಆ ದಾರಿಯಲ್ಲಿ ಈ ಫ್ಯೂಸ್ ಇದೆ. ಸುಟ್ಟಿದ್ದರೆ ಅದೇ ರೇಟಿಂಗಿನದನ್ನೇ ಹಾಕಿ. ಫ್ಯೂಸ್ ಸರಿಯಿದ್ದರೆ ಅನುಮಾನ ಪಿಎಲ್‌ಎ (ಯಾವ ಚಿಪ್‌ಗೆ ಯಾವಾಗ ಸರದಿ ಎಂದು ನಿರ್ಧರಿಸುವ ಚಿಪ್) ಮೇಲೆ, ಆಮೇಲೆ ರ‍್ಯಾಮ್ ಮೇಲೆ. ಡೆಡ್ ಟೆಸ್ಟ್ ಎಂಬ ತಪಾಸಣೆ ಕಾರ್ಟ್ರಿಜ್ ಹಾಕಿದರೆ ಪರದೆ ಎಷ್ಟು ಸಲ ಮಿಂಚಿತು ಎಂಬುದರಿಂದ ಯಾವ ರ‍್ಯಾಮ್ ಚಿಪ್ ಹೋಗಿದೆ ಎಂದು ತಿಳಿಯುತ್ತದೆ. ಕೆಪಾಸಿಟರ್ ಕೀಳುವ ಚಪಲ ಬೇಡ: ಈ ಬೋರ್ಡ್‌ನಲ್ಲಿ ಅವು ಸೋರುವುದು ಅಪರೂಪ, ಕೀಳುವಾಗ ತಾಮ್ರದ ಗೆರೆ ಎದ್ದುಬರುವುದೇ ಹೆಚ್ಚು.

ಫ್ಲಕ್ಸ್‌ಪ್ರಿಯ:
ಬಿಳಿ ಚುಕ್ಕೆ ಬೂಷ್ಟು. ಆ ಫ್ಲಾಪಿಗಳನ್ನು ಈಗಲೇ ಬೇರೆ ಮಾಡಿ, ಡ್ರೈವಿಗೆ ಹಾಕಬೇಡಿ. ಹೆಡ್ಡಿಗೆ ಅಂಟಿದ ಕೊಳೆ ಮುಂದಿನ ಫ್ಲಾಪಿಯನ್ನೂ ಗೀರುತ್ತದೆ. ನಡುವಿನ ತೂತಿಗೆ ಬೆರಳಿಟ್ಟು ನಿಧಾನ ತಿರುಗಿಸುತ್ತಾ ಅಂಡಾಕಾರದ ಕಿಟಕಿಯಲ್ಲಿ ಪೂರ್ತಿ ಸುತ್ತು ನೋಡಿ. ಬೂಷ್ಟು ಹಿಡಿದದ್ದರ ಕವಚದ ಒಂದಂಚು ಕತ್ತರಿಸಿ ತಟ್ಟೆ ಹೊರತೆಗೆಯಿರಿ. ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ ತೊಳೆದು, ಬರೀ ಡಿಸ್ಟಿಲ್ಡ್ ನೀರಿನಲ್ಲಿ ಜಾಲಾಡಿಸಿ, ಪೂರ್ತಿ ಒಣಗಿಸಿ ಶುಭ್ರ ಕವಚಕ್ಕೆ ಹಾಕಿ.

ಡ್ರೈವಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿ. ಓದುವ ಮುಂಚೆ ಫ್ಲಾಪಿಯ ಪಕ್ಕದ ಕಚ್ಚಿಗೆ ಪಟ್ಟಿ ಅಂಟಿಸಿದರೆ ಅದರ ಮೇಲೆ ಏನೂ ಬರೆದುಹೋಗುವುದಿಲ್ಲ. ಝೂಮ್‌ಫ್ಲಾಪಿ ಎಂಬ ಯುಎಸ್‌ಬಿ ಅಡಾಪ್ಟರ್ ಮೂಲಕ 1541ನ್ನು ಇಂದಿನ ಕಂಪ್ಯೂಟರಿಗೆ ಜೋಡಿಸಬಹುದು. 35 ಟ್ರ್ಯಾಕಿನ ಫ್ಲಾಪಿಯ ಪೂರ್ತಿ ಪ್ರತಿಯಾದ ಡಿ64 ಕಡತ 1,74,848 ಬೈಟ್ ಇರಬೇಕು. ಆದರೆ ಗಾತ್ರ ಸರಿಯಿದ್ದ ಮಾತ್ರಕ್ಕೆ ಪ್ರತಿ ಸರಿಯೆಂದಲ್ಲ, ದೋಷದ ಸೆಕ್ಟರ್‌ಗಳ ವರದಿಯನ್ನೂ ಓದಿ. ನಕಲು ತಡೆ ಇರುವ ಆಟಗಳಿಗೆ ನಿಬ್‌ಟೂಲ್ಸ್ ಎಂಬ ತಂತ್ರಾಂಶ ಬೇಕು.

ಕಾಗದಹುಳು:
ಪತ್ರಿಕೆಗಳನ್ನು ಬಿಸಿಲಿಗೆ ಹಾಕಬೇಡಿ, ನೆರಳಲ್ಲಿ ಗಾಳಿಯಾಡಲಿ. ಒಣಗಿದ ಮೇಲೆ ಮಾಸ್ಕ್ ಹಾಕಿ ಮೆತ್ತನೆ ಬ್ರಷ್‌ನಿಂದ ಮನೆಯ ಹೊರಗೆ ಝಾಡಿಸಿ. ನುಣುಪು ಹಾಳೆ ಒದ್ದೆಯಾಗಿ ಅಂಟಿದ್ದರೆ ಎಳೆಯಬೇಡಿ, ಅಚ್ಚೇ ಕಿತ್ತುಬರುತ್ತದೆ. ತುಕ್ಕು ಪಿನ್ನಿನ ಕಾಲುಗಳನ್ನು ನಡುಪುಟದ ಕಡೆಯಿಂದ ಬಿಡಿಸಿ ತೆಗೆಯಿರಿ. ಇಡುವುದಕ್ಕೆ ಪಾಲಿಪ್ರೊಪಿಲೀನ್ ಚೀಲ, ಪಿವಿಸಿ ಅಲ್ಲ. ಸ್ಕ್ಯಾನ್ 400 ಡಿಪಿಐ ಸಾಕು. ಪ್ರೋಗ್ರಾಂ ಪಟ್ಟಿಗಳಿಗೆ ಓಸಿಆರ್ (ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ) ನಂಬಬೇಡಿ, 0 ಮತ್ತು ಓ ಅದಲುಬದಲಾಗುತ್ತವೆ, ಕಮೊಡೋರಿನ ಚಿತ್ರಾಕ್ಷರಗಳು ಅದಕ್ಕೆ ಗೊತ್ತೇ ಇಲ್ಲ. ಸಾಲಿನ ಪಕ್ಕ ಚೆಕ್‌ಸಮ್ (ಟೈಪಿಂಗ್ ತಪ್ಪು ಹಿಡಿಯುವ ಸಂಕೇತ) ಅಚ್ಚಾಗಿದ್ದರೆ ಅದೇ ಪತ್ರಿಕೆಯ ಪರೀಕ್ಷಕ ಪ್ರೋಗ್ರಾಮನ್ನು ಮೊದಲು ಟೈಪ್ ಮಾಡಿಕೊಳ್ಳಿ.